ಮನೆಯನ್ನು ಜೊತೆಗೊಯ್ದು ಮನೆ ರಿಪೇರಿಗೆ ಹೊರಡುವುದು ಹೇಗೆ?

ಚಂಡಮಾರುತ ಹಾದುಹೋದ ಊರಿನಲ್ಲಿ ಕೆಲಸಕ್ಕೆ ಎಷ್ಟು ಜನ ಬಂದರೂ ಸಾಲುವುದಿಲ್ಲ, ಬಂದವರಿಗೆ ರಾತ್ರಿ ಮಲಗಲು ಜಾಗವೂ ಇರುವುದಿಲ್ಲ. ಅಳಿದುಳಿದ ಹೋಟೆಲ್ ಕೋಣೆಗಳನ್ನು ಮನೆ ಕಳೆದುಕೊಂಡವರು, ವಿಮಾ ಕಂಪನಿಯವರು, ವಿದ್ಯುತ್ ತಂತಿ ಎಳೆಯುವವರು ಮೊದಲೇ ಹಿಡಿದಿರುತ್ತಾರೆ. ಅಮೆರಿಕದ ಚರ್ಚುಗಳು ಇದಕ್ಕೆ ಕಂಡುಕೊಂಡ ಉಪಾಯವೆಂದರೆ, ನಿವೃತ್ತರಾಗಿ ಮೋಟರ್‌ಹೋಮ್‌ನಲ್ಲಿ ಊರೂರು ಸುತ್ತುವವರನ್ನೇ ಶ್ರಮದಾನಕ್ಕೆ ಕರೆಯುವುದು. ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲವನ್ನೂ ಜೊತೆಗೇ ತರುವ ಇವರಿಗೆ ಚರ್ಚು ತನ್ನ ಅಂಗಳ, ಒಂದು ನೀರಿನ ನಲ್ಲಿ ಮತ್ತು ವಿದ್ಯುತ್ ಸಂಪರ್ಕ ಕೊಟ್ಟರೆ ಸಾಕು. ನಾಲ್ಕು ಚಳಿಗಾಲಗಳಿಂದ ನಾನೂ ನನ್ನ ಪತ್ನಿಯೂ ಹೀಗೆ ಹೋಗಿಬರುತ್ತಿದ್ದೇವೆ. ಅಮೆರಿಕದಲ್ಲಿ ನೆಲೆಸಿ ನಿವೃತ್ತಿಯ ಹೊಸ್ತಿಲಲ್ಲಿರುವ ಹಲವು ಕನ್ನಡಿಗರು ಇದನ್ನು ಹೇಗೆ ಶುರುಮಾಡುವುದೆಂದು ಕೇಳುತ್ತಲೇ ಇರುವುದರಿಂದ, ಕ್ರಮವಾಗಿ ಬರೆಯುತ್ತಿದ್ದೇನೆ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ನೀವು ಮನೆಯನ್ನು ಜೊತೆಗೊಯ್ಯುವುದು ನಿಮ್ಮ ಸುಖಕ್ಕಾಗಿ ಅಲ್ಲ, ಮೊದಲೇ ನೊಂದಿರುವ ಊರಿಗೆ ಹೊರೆಯಾಗದಿರುವುದಕ್ಕಾಗಿ. ಮುಂದೆ ಹೇಳುವ ಬಹುತೇಕ ನಿಯಮಗಳು ಹುಟ್ಟುವುದು ಇದರಿಂದಲೇ.

ಯಾರ ಜೊತೆ ಹೋಗುವುದು

ಸ್ವಂತವಾಗಿ ಹೊರಟು, ಕೆಲಸ ಕಂಡಲ್ಲಿ ಗಾಡಿ ನಿಲ್ಲಿಸುತ್ತೇನೆ ಎನ್ನುವ ಯೋಚನೆಯನ್ನು ಬಿಡಿ. ಮೊದಲ ಹೆಜ್ಜೆ ಒಂದು ಸಂಸ್ಥೆಯನ್ನು ಸೇರುವುದು. ಯುನೈಟೆಡ್ ಮೆಥಡಿಸ್ಟ್ ಚರ್ಚಿನೊಂದಿಗೆ ನಂಟಿರುವ ನೋಮ್ಯಾಡ್ಸ್ 1988ರಲ್ಲಿ ಆರಂಭವಾಯಿತು. ಇವರ ಕೆಲಸ ಸಾಮಾನ್ಯವಾಗಿ ಮೂರು ವಾರಗಳದ್ದು, ವಾರಕ್ಕೆ ನಾಲ್ಕು ದಿನ, ದಿನಕ್ಕೆ ಸುಮಾರು ಆರು ಗಂಟೆ. ಉಳಿದ ಮೂರು ದಿನ ನಿಮ್ಮವೇ ಆಗಿರುವುದರಿಂದ ಅರವತ್ತು ದಾಟಿದ ಬೆನ್ನಿಗೆ ಈ ಲೆಕ್ಕ ಒಗ್ಗುತ್ತದೆ. 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಎಂಬ ಊರಿನಲ್ಲಿ ಮಿಲಾರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಸ್ಥಾಪಿಸಿದ ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿಯಲ್ಲಿ ಕೇರ್-ಎ-ವ್ಯಾನರ್ಸ್ ಎಂಬ ವಿಭಾಗವಿದೆ, ಅದರ ಕೆಲಸಗಳು ಹೆಚ್ಚಾಗಿ ಎರಡು ವಾರಗಳವು. 1950ರಲ್ಲಿ ಕಾನ್ಸಾಸ್‌ನ ಹೆಸ್ಟನ್‌ನಲ್ಲಿ ಹುಟ್ಟಿದ ಮೆನೊನೈಟ್ ಡಿಸಾಸ್ಟರ್ ಸರ್ವೀಸ್ ಕೂಡ ತಮ್ಮದೇ ವಾಹನದಲ್ಲಿ ತಂಗುವ ಹಿರಿಯರಿಗೆ ಕೆಲಸ ಕೊಡುತ್ತದೆ. ಸದರ್ನ್ ಬ್ಯಾಪ್ಟಿಸ್ಟ್ ಪಂಗಡದವರಿಗೆ ಕ್ಯಾಂಪರ್ಸ್ ಆನ್ ಮಿಷನ್ ಎಂಬ ಇಂಥದೇ ಬಳಗವಿದೆ.

ಕ್ರೈಸ್ತರಲ್ಲದವರು ಸೇರಬಹುದೇ ಎಂಬುದು ನಮ್ಮವರು ಮೊದಲು ಕೇಳುವ ಪ್ರಶ್ನೆ. ಹ್ಯಾಬಿಟಾಟ್‌ನಲ್ಲಿ ಮತದ ಪ್ರಶ್ನೆಯೇ ಬರುವುದಿಲ್ಲ. ಉಳಿದ ಸಂಸ್ಥೆಗಳಲ್ಲಿ ಬೆಳಗಿನ ಕೆಲಸಕ್ಕೆ ಮುನ್ನ ಸತ್ಯವೇದದ ವಾಚನವೂ ಪ್ರಾರ್ಥನೆಯೂ ಇರುತ್ತದೆ, ಆದ್ದರಿಂದ ಹೆಸರು ಕೊಡುವ ಮೊದಲೇ ನಿಮ್ಮ ನಿಲುವನ್ನು ತಿಳಿಸಿ, ಅವರ ಉತ್ತರ ಕೇಳಿ ಮುಂದುವರಿಯುವುದು ಒಳ್ಳೆಯದು. ಹದಿನೈದು ನಿಮಿಷ ಮೌನವಾಗಿ ಕೂರಲು ನನಗಂತೂ ಕಷ್ಟವೆನಿಸಲಿಲ್ಲ.

ಕೆಲಸದ ಪಟ್ಟಿ ಸಿಕ್ಕಿದಾಗ ಊರಿಗಿಂತ ಮೊದಲು ತಿಂಗಳನ್ನು ನೋಡಿ. ಚಳಿಗಾಲದಲ್ಲಿ ಫ್ಲೋರಿಡಾ, ಲೂಯಿಸಿಯಾನ, ಟೆಕ್ಸಾಸ್‌ಗಳ ಕಡೆ, ಬೇಸಿಗೆಯಲ್ಲಿ ಉತ್ತರದ ಕಡೆ ಎಂಬುದು ಹಳಬರ ವಾಡಿಕೆ. ಅಟ್ಲಾಂಟಿಕ್ ಚಂಡಮಾರುತದ ಅಧಿಕೃತ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಆ ಅವಧಿಯಲ್ಲಿ ಕರಾವಳಿಗೆ ಹೋಗುವವರು ಎಚ್ಚರಿಕೆ ಬಂದರೆ ಯಾವ ದಾರಿಯಲ್ಲಿ ಎಲ್ಲಿಗೆ ಹೊರಡಬೇಕೆಂಬುದನ್ನು ಹೋದ ದಿನವೇ ಗೊತ್ತುಮಾಡಿಕೊಳ್ಳಬೇಕು. ಹಾಗೆಂದು ವಿಪತ್ತು ನಡೆದ ಮರುವಾರವೇ ಓಡಬೇಕಾಗಿಯೂ ಇಲ್ಲ. ಮೊದಲ ವಾರಗಳ ಕೆಸರು ಎತ್ತುವ ಕೆಲಸ ಗಟ್ಟಿ ಮೈಯವರದ್ದು. 2005ರ ಕತ್ರಿನಾ ಆಗಲಿ, 2024ರಲ್ಲಿ ಪಶ್ಚಿಮ ನಾರ್ತ್ ಕೆರೊಲಿನವನ್ನು ಕೊಚ್ಚಿದ ಹೆಲೀನ್ ಆಗಲಿ, ಅಂಥ ಹೊಡೆತದ ನಂತರ ಮನೆಗಳನ್ನು ಮತ್ತೆ ನಿಲ್ಲಿಸುವ ಕೆಲಸ ವರ್ಷಗಟ್ಟಲೆ ಹಿಡಿಯುತ್ತದೆ. ಟಿವಿ ಕ್ಯಾಮೆರಾಗಳು ಊರು ಬಿಟ್ಟ ಮೇಲೆಯೇ ನಮ್ಮಂಥವರ ಅಗತ್ಯ ಹೆಚ್ಚು.

ವಾಹನ ಮತ್ತು ಲೈಸೆನ್ಸ್

ಇದಕ್ಕೆಂದೇ ಹೊಸ ವಾಹನ ಕೊಳ್ಳಬೇಡಿ. ಬಸ್ಸಿನಷ್ಟು ದೊಡ್ಡದಾದ ಕ್ಲಾಸ್ ಎ, ವ್ಯಾನಿನಷ್ಟೇ ಇರುವ ಕ್ಲಾಸ್ ಬಿ, ಇವೆರಡರ ನಡುವಿನ ಕ್ಲಾಸ್ ಸಿ, ಟ್ರಕ್ಕಿನ ಹಿಂದೆ ಎಳೆದೊಯ್ಯುವ ಟ್ರೇಲರ್ ಇವುಗಳಲ್ಲಿ ಯಾವುದಾದರೂ ನಡೆಯುತ್ತದೆ. ಚರ್ಚಿನ ಅಂಗಳ ಎಷ್ಟು ಉದ್ದದ ಗಾಡಿಯನ್ನು ತಡೆದುಕೊಳ್ಳುತ್ತದೆ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು. ಬಹುತೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಆದರೆ ಟೆಕ್ಸಾಸ್‌ನಲ್ಲಿ 26,000 ಪೌಂಡ್ ಮೀರಿದ, ಕ್ಯಾಲಿಫೋರ್ನಿಯಾದಲ್ಲಿ 40 ಅಡಿ ಮೀರಿದ ಮೋಟರ್‌ಹೋಮ್‌ಗೆ ಅಲ್ಲಿನ ನಿವಾಸಿಗಳು ಮೇಲಿನ ದರ್ಜೆಯ ಲೈಸೆನ್ಸ್ ಪಡೆಯಬೇಕು. ವಾಹನದ ಎತ್ತರವನ್ನು ನೆತ್ತಿಯ ಮೇಲಿನ ಏಸಿ ಪೆಟ್ಟಿಗೆಯನ್ನೂ ಸೇರಿಸಿ ಅಳೆದು, ಒಂದು ಚೀಟಿಯಲ್ಲಿ ಬರೆದು ಸ್ಟಿಯರಿಂಗ್ ಮುಂದೆ ಅಂಟಿಸಿಕೊಳ್ಳಿ. ನಾರ್ತ್ ಕೆರೊಲಿನದ ಡರಮ್‌ನಲ್ಲಿ 11 ಅಡಿ 8 ಇಂಚಿನ ರೈಲು ಸೇತುವೆಯೊಂದು ಲಾರಿಗಳ ಮೇಲ್ಛಾವಣಿ ಸುಲಿಯುವುದಕ್ಕೇ ಹೆಸರಾಗಿತ್ತು. 2019ರಲ್ಲಿ ಅದನ್ನು 8 ಇಂಚು ಎತ್ತರಿಸಿದ ಮೇಲೂ ಗಾಡಿಗಳು ಬಂದು ಬಡಿಯುವುದು ನಿಂತಿಲ್ಲ.

ಚರ್ಚಿನ ಅಂಗಳದಲ್ಲಿ

ಹೊಸಬರು ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. 30 ಆಂಪಿಯರ್ ಸಂಪರ್ಕವೆಂದರೆ 120 ವೋಲ್ಟಿನಲ್ಲಿ ಒಟ್ಟು 3,600 ವ್ಯಾಟ್. ಏಸಿ, ಮೈಕ್ರೋವೇವ್, ನೀರು ಕಾಯಿಸುವ ಹೀಟರ್ ಮೂರನ್ನೂ ಒಟ್ಟಿಗೆ ಹಾಕಿದರೆ ಸ್ವಿಚ್ಚು ಬೀಳುತ್ತದೆ. ಎಷ್ಟೋ ಚರ್ಚುಗಳಲ್ಲಿ ಅಷ್ಟೂ ಸಿಗದೆ, ಸಭಾಂಗಣದ ಗೋಡೆಯ 20 ಆಂಪಿಯರ್ ಪ್ಲಗ್ಗಿಗೆ ಅಡಾಪ್ಟರ್ ಹಾಕಿಕೊಳ್ಳಬೇಕಾಗುತ್ತದೆ. ನಾಲ್ಕೈದು ವಾಹನಗಳು ಒಂದೇ ಹಳೆಯ ವೈರಿಂಗ್‌ಗೆ ಜೋತುಬಿದ್ದಿರುವಾಗ ಯಾರು ಯಾವಾಗ ಏನನ್ನು ಹಾಕುವುದೆಂದು ಮಾತಾಡಿಕೊಳ್ಳುವುದು ಸಭ್ಯತೆಯೂ ಹೌದು, ಸುರಕ್ಷತೆಯೂ ಹೌದು. ಸಾಕೆಟ್ಟಿಗೆ ಕೇಬಲ್ ಚುಚ್ಚುವ ಮೊದಲು ವೋಲ್ಟೇಜ್ ಏರಿಳಿತ ತಡೆಯುವ ಸಾಧನವನ್ನು ನಡುವೆ ಸೇರಿಸಿ. ನೀರಿನ ನಲ್ಲಿಗೂ ಒತ್ತಡ ಕಡಿಮೆ ಮಾಡುವ ರೆಗ್ಯುಲೇಟರ್ ಬೇಕು, ಇಲ್ಲವಾದರೆ ಊರಿನ ನೀರಿನ ರಭಸಕ್ಕೆ ವಾಹನದೊಳಗಿನ ತೆಳು ಪೈಪುಗಳು ಬಾಯಿಬಿಡುತ್ತವೆ. ಕುಡಿಯುವ ನೀರಿಗೆಂದು ಮಾರುವ ಬಿಳಿ ಪೈಪನ್ನೇ ಬಳಸಿ, ಅದನ್ನು ಕೊಳಚೆ ತೊಳೆಯುವ ಪೈಪಿನ ಜೊತೆ ಒಂದೇ ಗೂಡಿನಲ್ಲಿ ತುರುಕಬೇಡಿ.

ಈಗ ಯಾರೂ ಬಾಯಿಬಿಟ್ಟು ಕೇಳದ ವಿಷಯ. ಮೋಟರ್‌ಹೋಮ್‌ನಲ್ಲಿ ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ ಬೂದು ಟ್ಯಾಂಕು, ಶೌಚಕ್ಕೆ ಕಪ್ಪು ಟ್ಯಾಂಕು ಬೇರೆಬೇರೆಯಾಗಿ ಇರುತ್ತವೆ. ಚರಂಡಿಗೆ ಸಂಪರ್ಕ ಸಿಕ್ಕಿತೆಂದು ಕಪ್ಪು ಟ್ಯಾಂಕಿನ ಕವಾಟವನ್ನು ತೆರೆದೇ ಬಿಡುವವರಿದ್ದಾರೆ. ಮೊದಲ ವರ್ಷ ನಾನು ಮಾಡಿದ್ದೂ ಅದನ್ನೇ. ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ಮಾತ್ರ ತಳದಲ್ಲಿ ಹುತ್ತದಂತೆ ಬೆಳೆಯಿತು, ಅದನ್ನು ಕರಗಿಸಲು ಒಂದು ಇಡೀ ಶನಿವಾರ ಹಿಡಿಯಿತು. ಕವಾಟ ಮುಚ್ಚಿಯೇ ಇರಲಿ. ಟ್ಯಾಂಕು ಮುಕ್ಕಾಲು ತುಂಬಿದ ಮೇಲೆ ಮೊದಲು ಕಪ್ಪನ್ನು, ಆಮೇಲೆ ಬೂದನ್ನು ಬಿಟ್ಟರೆ ಸಾಬೂನಿನ ನೀರೇ ಪೈಪನ್ನು ತೊಳೆದುಕೊಡುತ್ತದೆ. ಚರ್ಚಿನ ಚರಂಡಿ ಸೆಪ್ಟಿಕ್ ಟ್ಯಾಂಕಿಗೆ ಸೇರುತ್ತದೆಯಾದರೆ, ವಾಹನಕ್ಕೆ ಹಾಕುವ ರಾಸಾಯನಿಕ ಅದಕ್ಕೆ ಆಗಿಬರುತ್ತದೆಯೇ ಎಂದು ಕೇಳಿಯೇ ಬಿಡಿ.

ಅಡುಗೆಯ ಬಗ್ಗೆ ನಮ್ಮವರಿಗೆ ಎರಡು ಮಾತು. ಆ ಪುಟ್ಟ ಜಾಗದಲ್ಲಿ ಸಾಸಿವೆ ಸಿಡಿಸಿ ಮೆಣಸಿನಕಾಯಿ ಹಾಕಿದರೆ ಹೊಗೆಯ ಅಲಾರಂ ಇಡೀ ಅಂಗಳಕ್ಕೆ ಕೇಳುವಂತೆ ಕೂಗುತ್ತದೆ, ಒಗ್ಗರಣೆಯನ್ನು ಹೊರಗಿನ ಒಲೆಯಲ್ಲಿ ಮಾಡಿಕೊಳ್ಳಿ. ಸಸ್ಯಾಹಾರಿಗಳು ದಕ್ಷಿಣದ ಚರ್ಚುಗಳ ಸಾಮೂಹಿಕ ಊಟದಲ್ಲಿ ಹುರುಳಿಕಾಯಿಯ ಪಲ್ಯವನ್ನೂ ವಿಚಾರಿಸಿಯೇ ಬಡಿಸಿಕೊಳ್ಳಬೇಕು, ಅದರಲ್ಲಿ ಹಂದಿಮಾಂಸದ ತುಂಡು ಬೆಂದಿರುವುದು ಅಲ್ಲಿ ಸಾಮಾನ್ಯ. ನಮ್ಮ ಪಾಲಿಗೆ ನಾವು ಒಯ್ಯುವ ಚಿತ್ರಾನ್ನ ಇದುವರೆಗೆ ಮಿಕ್ಕಿ ಬಂದಿಲ್ಲ.

ಕೆಲಸದ ಸ್ಥಳದಲ್ಲಿ

ಯಾವ ಮನೆಗೆ ಹೋಗಬೇಕೆಂಬುದನ್ನು ನೀವು ಆರಿಸುವುದಿಲ್ಲ. ಊರಿನ ಚರ್ಚುಗಳೂ ಸೇವಾ ಸಂಸ್ಥೆಗಳೂ ಕೂಡಿ ದೀರ್ಘಾವಧಿ ಪುನರ್ವಸತಿ ಸಮಿತಿಯೊಂದನ್ನು ಮಾಡಿಕೊಂಡಿರುತ್ತವೆ. ಅದರ ಕಾರ್ಯಕರ್ತರು ಒಬ್ಬೊಬ್ಬರ ವಿಮೆ, ಸರ್ಕಾರದ ನೆರವು, ಆದಾಯ ಎಲ್ಲವನ್ನೂ ನೋಡಿ ಸರದಿ ಗೊತ್ತುಮಾಡಿರುತ್ತಾರೆ. ಪಕ್ಕದ ಮನೆಯವರು ಬಂದು ನಮ್ಮದೂ ಸ್ವಲ್ಪ ನೋಡಿ ಎಂದು ಕೇಳಿದರೆ, ಎಷ್ಟೇ ಕರುಳು ಹಿಂಡಿದರೂ, ಮಾತು ಕೊಡದೆ ಸಮಿತಿಯ ವಿಳಾಸ ಕೊಡಬೇಕು. ಬೆಳಿಗ್ಗೆ ಬಂದ ಹೊತ್ತನ್ನೂ ಸಂಜೆ ಹೊರಟ ಹೊತ್ತನ್ನೂ ಬರೆದು ಸಹಿ ಮಾಡುವ ಹಾಳೆಯನ್ನು ಹಗುರವಾಗಿ ಕಾಣಬೇಡಿ. ವಿಪತ್ತಿನ ಕೆಲವು ಬಗೆಯ ಕಾಮಗಾರಿಗಳಲ್ಲಿ ಕೇಂದ್ರ ಸರ್ಕಾರ ಕನಿಷ್ಠ ಶೇ 75ರಷ್ಟು ಭರಿಸಿ ಉಳಿದದ್ದನ್ನು ಸ್ಥಳೀಯರಿಗೆ ಬಿಡುತ್ತದೆ, ಆ ಸ್ಥಳೀಯ ಪಾಲಿಗೆ ಸ್ವಯಂಸೇವಕರು ದುಡಿದ ಗಂಟೆಗಳನ್ನೂ ಜಮಾ ಮಾಡಿಕೊಳ್ಳಲು ಅವಕಾಶವಿದೆ.

ನನಗೆ ಮೊಳೆ ಹೊಡೆಯಲೂ ಬರುವುದಿಲ್ಲ ಎನ್ನುವವರು ಹಿಂಜರಿಯಬೇಕಾಗಿಲ್ಲ. ಕಂಪ್ಯೂಟರ್ ಮುಂದೆ ಮೂವತ್ತು ವರ್ಷ ಕೂತವನಿಗೆ ನನ್ನ ತಂಡದ ನಾಯಕಿ, ನಿವೃತ್ತ ಶಾಲಾ ಶಿಕ್ಷಕಿ, ಮೊದಲು ಕಲಿಸಿದ್ದು ಡ್ರೈವಾಲ್ ಎಂಬ ಜಿಪ್ಸಂ ಹಲಗೆಯ ಕೆಲಸ. ನೆರೆ ನುಗ್ಗಿದ ಮನೆಯಲ್ಲಿ ನೆನೆದ ಹಲಗೆಯನ್ನು ಕತ್ತರಿಸಿ ತೆಗೆದ ಮೇಲೆ, ಒಳಗಿನ ಮರದ ಚೌಕಟ್ಟು ಪೂರ್ತಿ ಒಣಗಿದೆಯೆಂದು ತೇವಮಾಪಕ ಹೇಳುವವರೆಗೆ ಗೋಡೆ ಮುಚ್ಚುವಂತಿಲ್ಲ. ಅವಸರಪಟ್ಟರೆ ಒಳಗೆ ಬೂಷ್ಟು ಬೆಳೆಯುತ್ತದೆ. ಹಲಗೆಯನ್ನು ನೆಲಕ್ಕೆ ತಾಗಿಸದೆ ಅರ್ಧ ಇಂಚು ಮೇಲೆ ನಿಲ್ಲಿಸಬೇಕು, ಇಲ್ಲದಿದ್ದರೆ ನೆಲದ ತೇವವನ್ನು ಅದು ಬತ್ತಿಯಂತೆ ಹೀರುತ್ತದೆ. ತಿರುಪಿನ ತಲೆ ಮೇಲಿನ ಕಾಗದವನ್ನು ಹರಿಯದೆ ಕೂದಲೆಳೆಯಷ್ಟು ಒಳಗೆ ಕೂರಬೇಕು. ಸಂದುಗಳಿಗೆ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ಮೂರು ಸಲ ಲೇಪ ಹಚ್ಚುವುದು ಕ್ರಮ, ಒಂದೊಂದು ಸಲವೂ ಹಿಂದಿನದಕ್ಕಿಂತ ಅಗಲದ ಕರಣೆಯಿಂದ. ನಾನು ದೋಸೆಗೆ ಬೆಣ್ಣೆ ಬಳಿದಂತೆ ದಪ್ಪಗೆ ಬಳಿದುಬಿಟ್ಟಿದ್ದೆ. ಆಕೆ ಏನನ್ನೂ ಹೇಳದೆ ದೀಪವೊಂದನ್ನು ಗೋಡೆಗೆ ಓರೆಯಾಗಿ ಹಿಡಿದರು. ನಯವೆಂದುಕೊಂಡಿದ್ದ ಗೋಡೆಯ ಮೇಲೆ ಉಬ್ಬುತಗ್ಗುಗಳ ನೆರಳು ಸಾಲಾಗಿ ಮೂಡಿತು, ಮರುದಿನವೆಲ್ಲ ಉಜ್ಜುವುದೇ ಆಯಿತು. ತೆಳುವಾಗಿ ಹಚ್ಚಿ, ಒಣಗಲು ಬಿಡಿ, ಮತ್ತೆ ಹಚ್ಚಿ.

ಎರಡನೆಯದಾಗಿ ಎಲ್ಲ ಕಡೆಯೂ ಕೇಳಿಬರುವ ಕೆಲಸ ಗಾಲಿಕುರ್ಚಿಯ ಇಳಿಜಾರು ಹಾದಿ. ಅದರ ಲೆಕ್ಕ ಒಂದಕ್ಕೆ ಹನ್ನೆರಡು: ಬಾಗಿಲು ನೆಲದಿಂದ 30 ಇಂಚು ಮೇಲಿದ್ದರೆ ಹಾದಿ 30 ಅಡಿ ಉದ್ದವಿರಬೇಕು. ಅಂಗಳ ಚಿಕ್ಕದೆಂದು ಕಡಿದಾಗಿ ಕಟ್ಟಿಕೊಟ್ಟರೆ ಕುರ್ಚಿಯಲ್ಲಿ ಕೂತವರು ಅದನ್ನು ಬಳಸುವುದೇ ಇಲ್ಲ, ಆದ್ದರಿಂದ ನಡುವೆ ಸಮತಟ್ಟಾದ ಜಾಗ ಬಿಟ್ಟು ಹಾದಿಯನ್ನು ತಿರುಗಿಸಬೇಕು. 1978ಕ್ಕಿಂತ ಹಳೆಯ ಮನೆಯಾದರೆ ಬಣ್ಣದಲ್ಲಿ ಸೀಸವಿರಬಹುದು. ನಾಯಕರ ಅನುಮತಿ ಇಲ್ಲದೆ ಅಂಥ ಗೋಡೆಯನ್ನು ಉಜ್ಜಬೇಡಿ, ಕೆರೆಯಬೇಡಿ.

ಮನೆಯವರ ಜೊತೆ ನಡೆದುಕೊಳ್ಳುವ ಬಗೆಯನ್ನು ಯಾವ ಕೈಪಿಡಿಯೂ ಪೂರ್ತಿ ಹೇಳಿಕೊಡುವುದಿಲ್ಲ. ಅವರ ಅನುಮತಿ ಕೇಳದೆ ಫೋಟೊ ತೆಗೆಯಬಾರದು. ಕಸದ ರಾಶಿಗೆ ಹಾಕುವ ಮುನ್ನ ಪ್ರತಿಯೊಂದನ್ನೂ ತೋರಿಸಬೇಕು, ನಮ್ಮ ಕಣ್ಣಿಗೆ ಬೂಷ್ಟು ಹಿಡಿದ ಹಲಗೆಯಾಗಿ ಕಂಡದ್ದು ಮಕ್ಕಳ ಎತ್ತರ ಗೀಚಿಟ್ಟ ಬಾಗಿಲ ಚೌಕಟ್ಟಾಗಿರಬಹುದು. ಮಾತಿಗೆ ಕೂತರೆ ಕರಣೆ ಕೆಳಗಿಟ್ಟು ಕೇಳಿಸಿಕೊಳ್ಳಿ, ಆ ಅರ್ಧ ಗಂಟೆಯನ್ನು ಯಾವ ನಾಯಕರೂ ಲೆಕ್ಕ ಹಿಡಿಯುವುದಿಲ್ಲ. ನಿಮಗೆ ಹಿಡಿಸದ ಬಣ್ಣವನ್ನು ಅವರು ಆರಿಸಿದರೆ ಅದನ್ನೇ ಹಚ್ಚಿ.

ಖರ್ಚು, ತೆರಿಗೆ, ಆರೋಗ್ಯ, ವೀಸಾ

ಸಾಮಗ್ರಿಯ ಹಣ ಸಾಮಾನ್ಯವಾಗಿ ಕೆಲಸ ಕೊಡುವ ಸಂಸ್ಥೆಯದ್ದು, ಇಂಧನ ನಿಮ್ಮದು. ದೊಡ್ಡ ಮೋಟರ್‌ಹೋಮ್ ಗ್ಯಾಲನ್‌ಗೆ ಎಂಟು ಮೈಲಿ ಓಡಿದರೆ ಹೆಚ್ಚು. ಸೇವೆಗಾಗಿ ಓಡಿಸಿದ ಮೈಲಿಗೆ ಅಮೆರಿಕದ ತೆರಿಗೆ ಕಾನೂನು ಕೊಡುವ ವಿನಾಯಿತಿ 14 ಸೆಂಟ್, ಇದು ಕಾನೂನಿನಲ್ಲೇ ಬರೆದಿಟ್ಟ ಅಂಕಿಯಾದ್ದರಿಂದ ಬೆಲೆಯೇರಿಕೆಯ ಜೊತೆ ಏರುವುದಿಲ್ಲ. ಅದರ ಬದಲು ನಿಜವಾಗಿ ಕೊಂಡ ಇಂಧನ ಮತ್ತು ಎಣ್ಣೆಯ ಖರ್ಚನ್ನೇ ತೋರಿಸಬಹುದು, ಇಂಥ ವಾಹನಕ್ಕೆ ಅದೇ ಲಾಭ. ಆದ್ದರಿಂದ ರಸೀದಿಗಳನ್ನು ಇಟ್ಟುಕೊಳ್ಳಿ. ದಾರಿಯಲ್ಲಿ ಹತ್ತು ದಿನ ಪ್ರವಾಸ ಮಾಡಿ ಮೂರು ದಿನ ಕೆಲಸ ಮಾಡಿದವರು ಇದನ್ನು ಕೇಳಿ ಪ್ರಯೋಜನವಿಲ್ಲ, ಪ್ರಯಾಣದಲ್ಲಿ ವಿಹಾರದ ಪಾಲು ಗಣನೀಯವಾಗಿರಬಾರದೆಂಬುದು ನಿಯಮ. ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೂಲ ಮೆಡಿಕೇರ್ ದೇಶದಾದ್ಯಂತ ನಡೆಯುತ್ತದೆ. ಅದರ ಬದಲಿಗೆ ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಬಹಳಷ್ಟು ಸಲ ಒಂದು ಪ್ರದೇಶದ ಆಸ್ಪತ್ರೆಗಳಿಗೆ ಕಟ್ಟುಬಿದ್ದಿರುವುದರಿಂದ, ಹೊರರಾಜ್ಯದಲ್ಲಿ ಏಣಿಯಿಂದ ಬಿದ್ದರೆ ಏನು ಗತಿ ಎಂದು ಹೊರಡುವ ಮೊದಲೇ ಫೋನ್ ಮಾಡಿ ತಿಳಿದುಕೊಳ್ಳಿ. ಧನುರ್ವಾಯುವಿನ ಚುಚ್ಚುಮದ್ದು ಹತ್ತು ವರ್ಷದೊಳಗಿನದ್ದಾಗಿರಲಿ.

ಭಾರತದಿಂದ ಮಕ್ಕಳನ್ನು ನೋಡಲು ಬಂದಿರುವ ತಂದೆತಾಯಂದಿರನ್ನು ಜೊತೆಗೆ ಕರೆದೊಯ್ಯಬಹುದೇ? ವಾಹನದಲ್ಲಿ ಕರೆದೊಯ್ಯಲು ಅಡ್ಡಿಯಿಲ್ಲ. ಸುತ್ತಿಗೆ ಕೈಗೆ ಕೊಡುವ ಮೊದಲು ಮಾತ್ರ ವಲಸೆ ವಕೀಲರನ್ನು ಕೇಳಬೇಕು, ಸಂಬಳವಿಲ್ಲದ ಸೇವೆಗೂ ವೀಸಾದ ಷರತ್ತುಗಳು ಅನ್ವಯಿಸುತ್ತವೆ.

ಹೊರಡುವ ದಿನ

ಟ್ಯಾಂಕುಗಳನ್ನು ಖಾಲಿ ಮಾಡಿ, ಪೈಪು ಕೇಬಲ್‌ಗಳನ್ನು ಸುತ್ತಿಟ್ಟು, ಚರ್ಚಿನ ಬೀಗದಕೈ ಹಿಂದಿರುಗಿಸಿ. ಆಮೇಲೆ ದಂಪತಿಗಳಿಬ್ಬರೂ ಒಬ್ಬರ ಹಿಂದೆ ಒಬ್ಬರಂತೆ ಬೇರೆಬೇರೆಯಾಗಿ ವಾಹನಕ್ಕೊಂದು ಸುತ್ತು ಬನ್ನಿ: ಮೆಟ್ಟಿಲು ಮಡಚಿದೆಯೇ, ಆಂಟೆನಾ ಇಳಿದಿದೆಯೇ, ಗ್ಯಾಸಿನ ಕವಾಟ ಮುಚ್ಚಿದೆಯೇ, ಚಕ್ರದಡಿಯ ಮರದ ತುಂಡುಗಳು ಒಳಗೆ ಬಂದಿವೆಯೇ. ಎರಡನೆಯ ಸುತ್ತಿನಲ್ಲಿ ನನ್ನ ಪತ್ನಿಗೆ ಏನಾದರೊಂದು ಸಿಕ್ಕೇ ಸಿಗುತ್ತದೆ. ಕಳೆದ ಸಲ ಅದು ಗೋಡೆಯ ಪ್ಲಗ್ಗಿನಲ್ಲೇ ಉಳಿದಿದ್ದ ನಮ್ಮ ಅಡಾಪ್ಟರ್.