ಅಪ್ಪನ ನಿದ್ದೆ, ಅಪ್ಪನ ಕಾಲು: ಮನೆಯಲ್ಲೇ ಅಳೆದು ಸರಿಪಡಿಸಿಕೊಳ್ಳುವ ಬಗೆ

ಎಪ್ಪತ್ತು ದಾಟಿದ ಗಂಡಸರನ್ನು ರಾತ್ರಿ ನಿದ್ದೆ ಬಂತೇ ಎಂದು ಕೇಳಿದರೆ ನಮ್ಮ ಕೊಪ್ಪಳದ ಕಡೆ ಸಿಗುವ ಉತ್ತರ ಬಹುತೇಕ ಒಂದೇ: ‘ವಯಸ್ಸಾತಪಾ, ಇನ್ನೆಲ್ಲಿ ನಿದ್ದಿ.’ ಈ ಉತ್ತರವನ್ನು ಒಪ್ಪಿಕೊಂಡು ಸುಮ್ಮನಾಗಬಾರದು. ನಮ್ಮ ತಂದೆಯವರು ಬೆಳಿಗ್ಗೆ ಹೊರಸಿನ ಕಟ್ಟನ್ನು ಎರಡೂ ಕೈಗಳಿಂದ ಹಿಡಿದು, ಒಮ್ಮೆ ಹಿಂದಕ್ಕೆ ಒಮ್ಮೆ ಮುಂದಕ್ಕೆ ತೂಗಿ, ಮೂರನೆಯ ಪ್ರಯತ್ನಕ್ಕೆ ಎದ್ದು ನಿಲ್ಲುತ್ತಿದ್ದರು. ಅದು ಬರೀ ಮೊಣಕಾಲಿನ ನೋವೆಂದು ನಾವು ಎಣ್ಣೆ ತಿಕ್ಕುತ್ತಾ ಕಾಲ ಕಳೆದೆವು. ಅವರು ರಾತ್ರಿ ನಾಲ್ಕು ಸಲ ಎದ್ದು ಓಡಾಡುತ್ತಿದ್ದ ಸಂಗತಿ, ಒಂದು ವಾರ ಪಕ್ಕದಲ್ಲೇ ಮಲಗಿದ ಮೇಲೆ ನನಗೆ ತಿಳಿಯಿತು.

ನಿದ್ದೆಗೂ ಕಾಲಿನ ಬಲಕ್ಕೂ ಇರುವ ನಂಟನ್ನು ಅಮೆರಿಕದ ‘ಮಿಸ್ಟರ್ ಓಎಸ್’ ಎಂಬ ದೊಡ್ಡ ಅಧ್ಯಯನವು ಪರಿಶೀಲಿಸಿದೆ. 65 ವರ್ಷ ಮೇಲ್ಪಟ್ಟ 5,994 ಗಂಡಸರನ್ನು 2000ರಿಂದ 2002ರವರೆಗೆ ಸೇರಿಸಿಕೊಂಡ ಈ ಅಧ್ಯಯನದ ಮುಖ್ಯ ವಿಷಯ ಮೂಳೆ ಮುರಿತವಾಗಿತ್ತು. ಮುಂದೆ ಅವರಲ್ಲೇ ಅನೇಕರ ಮಣಿಕಟ್ಟಿಗೆ ಉಪಕರಣ ಕಟ್ಟಿ ನಿದ್ದೆಯನ್ನೂ ಅಳೆಯಲಾಯಿತು. ರಾತ್ರಿ ಮಧ್ಯೆ ಹೆಚ್ಚು ಹೊತ್ತು ಎಚ್ಚರವಿರುವವರಲ್ಲಿ ಮತ್ತು ನಿದ್ದೆಯಲ್ಲಿ ರಕ್ತದ ಆಮ್ಲಜನಕ ಇಳಿಯುವವರಲ್ಲಿ ಕೈಹಿಡಿತ, ನಡಿಗೆಯ ವೇಗ, ಕುರ್ಚಿಯಿಂದ ಏಳುವ ಶಕ್ತಿ ಕುಂದಿರುವುದು ಕಂಡುಬಂದಿತು. ಕೆಟ್ಟ ನಿದ್ದೆಯೇ ಕಾರಣವೆಂದು ಇದರಿಂದ ಹೇಳಲಾಗದು, ಏಕೆಂದರೆ ಕಾಲು ಸೋತವರು ಹಗಲು ಕಡಿಮೆ ನಡೆದು ನಿದ್ದೆ ಕೆಡಿಸಿಕೊಳ್ಳುವುದೂ ಉಂಟು. ಆದ್ದರಿಂದ ಎರಡನ್ನೂ ಒಟ್ಟಿಗೆ ನೋಡಬೇಕು.

ಮೊದಲು ಅಳತೆ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಮನೆಯ ಹಿರಿಯರನ್ನು ಕೂರಿಸಿ, ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಸಿ, ಐದು ಸಲ ಪೂರ್ತಿ ಎದ್ದು ಕೂರಲು ಹೇಳಿ. ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಶಕ್ತಿ ಕುಗ್ಗಿದೆಯೆಂದು ಏಷ್ಯಾದ ತಜ್ಞರ 2019ರ ಮಾನದಂಡ ಹೇಳುತ್ತದೆ. ಅಂಗಳದಲ್ಲಿ 6 ಮೀಟರ್ ಗೆರೆ ಎಳೆದು ಎಂದಿನಂತೆ ನಡೆಸಿದಾಗ 6 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ನಡಿಗೆ ನಿಧಾನವಾಗಿದೆ. ಇದರ ಜೊತೆಗೆ ಮಲಗಿದ ಹೊತ್ತು, ಎದ್ದ ಸಲ, ಹಗಲಿನ ಜೊಂಪು ಇವನ್ನು ಎರಡು ವಾರ ಗೋಡೆಯ ಕ್ಯಾಲೆಂಡರಿನ ಆಯಾ ತಾರೀಖಿನ ಮನೆಯಲ್ಲೇ ಬರೆದಿಡಿ.

ನಿದ್ದೆ ಮುರಿಯುವ ಕಾರಣಗಳಲ್ಲಿ ಮೂತ್ರಕ್ಕೆ ಏಳುವುದೇ ಮುಂದು. ಪ್ರೋಸ್ಟೇಟ್ ಗ್ರಂಥಿಯ ಊತ, ಸಕ್ಕರೆ ಕಾಯಿಲೆ, ಸಂಜೆಯ ಚಹಾ, ಇವೆಲ್ಲ ಕಾರಣವಾಗಬಹುದು. ಆದರೆ ಹಲವರ ಗಮನಕ್ಕೆ ಬಾರದ್ದು ಪಾದದ ಬಾವು. ಹಗಲೆಲ್ಲ ಕಾಲಿಗಿಳಿದು ನಿಂತ ನೀರು ಮಲಗಿದ ಕೂಡಲೇ ರಕ್ತಕ್ಕೆ ಮರಳಿ ಮೂತ್ರವಾಗುತ್ತದೆ. ಹಾಗಿದ್ದವರು ಮಧ್ಯಾಹ್ನದ ಮೇಲೆ ಒಂದು ಗಂಟೆ ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡರೆ ರಾತ್ರಿ ಒಂದು ಏಳುವಿಕೆಯಾದರೂ ತಪ್ಪಬಹುದು. ಬಾವಿಗೆ ಹೃದಯ ಅಥವಾ ಮೂತ್ರಪಿಂಡದ ತೊಂದರೆಯೂ ಮೂಲವಾಗಿರಬಹುದಾದ್ದರಿಂದ ವೈದ್ಯರಿಗೆ ತೋರಿಸಲೇಬೇಕು. ಬಿಪಿಗೆಂದು ಮೂತ್ರ ಹೆಚ್ಚಿಸುವ ಗುಳಿಗೆ ಇದ್ದರೆ ಅದನ್ನು ಬೆಳಿಗ್ಗೆ ತೆಗೆದುಕೊಳ್ಳಬಹುದೇ ಎಂದು ಅವರನ್ನೇ ಕೇಳಿ. ಸಂಜೆ ನೀರನ್ನು ಇಳಿಸಬಹುದು, ಹಗಲಿನ ನೀರನ್ನಲ್ಲ; ರಾಯಚೂರು, ಬಳ್ಳಾರಿಯ ಮೇ ತಿಂಗಳ ಬಿಸಿಲಿನಲ್ಲಿ ನೀರು ಕಡಿಮೆಯಾದರೆ ತಲೆ ತಿರುಗಿ ಬೀಳುವ ಭಯವೇ ಹೆಚ್ಚು.

ಗೊರಕೆಯನ್ನು ಗಾಢ ನಿದ್ದೆಯ ಗುರುತೆಂದು ತಿಳಿಯಬೇಡಿ. ಗೊರಕೆ ತಟ್ಟನೆ ನಿಂತು, ಕೆಲವು ಸೆಕೆಂಡು ಉಸಿರೇ ಇಲ್ಲದೆ, ಆಮೇಲೆ ಗಬಕ್ಕನೆ ಉಸಿರೆಳೆದುಕೊಂಡರೆ ಅದು ಸ್ಲೀಪ್ ಅಪ್ನಿಯಾ ಇರಬಹುದು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಹೋಗಿ ಕಿವಿ-ಮೂಗು-ಗಂಟಲು ಅಥವಾ ಶ್ವಾಸಕೋಶದ ವೈದ್ಯರಿಗೆ ಕೇಳಿಸಿ. ಪರೀಕ್ಷೆಯೂ ಚಿಕಿತ್ಸೆಯೂ ಇವೆ.

ಮಲಗುವ ಜಾಗದ ಬಗ್ಗೆ ನಾನು ಸ್ವಲ್ಪ ಹಟದಿಂದಲೇ ಹೇಳುತ್ತೇನೆ. ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದು ನಮ್ಮಲ್ಲಿ ರೂಢಿ, ಗಾಳಿಗೆ ನಿದ್ದೆಯೂ ಚೆನ್ನಾಗಿ ಬರುತ್ತದೆ. ಆದರೆ ರಾತ್ರಿ ಪದೇ ಪದೇ ಏಳುವ ಹಿರಿಯರಿಗೆ ಕೈಪಿಡಿ ಇಲ್ಲದ ಮೆಟ್ಟಿಲು ಬೇಡ. ಅಂಗಳದಲ್ಲೋ ಪಡಸಾಲೆಯಲ್ಲೋ ಮಲಗಿಸಿ, ಬಚ್ಚಲಿನ ದಾರಿಗೆ ಸಣ್ಣ ದೀಪ ಹಾಕಿ. ಹೊರಸಿನ ಹಗ್ಗ ಸಡಿಲವಾಗಿ ನಡುವೆ ಕುಣಿ ಬಿದ್ದಿದ್ದರೆ ಎಳೆದು ಬಿಗಿ ಮಾಡಿ. ಆ ತಗ್ಗಿನಿಂದ ಮೇಲೇಳಲು ಗಟ್ಟಿಮುಟ್ಟಾದವರಿಗೂ ಕಷ್ಟ. ಎಚ್ಚರವಾದ ಮೇಲೆ ಒಂದು ನಿಮಿಷ ಅಂಚಿನಲ್ಲಿ ಕೂತು ಆಮೇಲೆ ನಿಲ್ಲುವುದನ್ನು ರೂಢಿ ಮಾಡಿಸಿ. ಪ್ರೋಸ್ಟೇಟ್ ಮತ್ತು ಬಿಪಿಯ ಕೆಲವು ಗುಳಿಗೆಗಳು ಎದ್ದು ನಿಂತಾಗ ರಕ್ತದೊತ್ತಡವನ್ನು ಇಳಿಸುತ್ತವೆ.

ಚೀಟಿಯಿಲ್ಲದೆ ನಿದ್ದೆ ಗುಳಿಗೆ ತರಬೇಡಿ. ಒಂದು ಮೆಡಿಕಲ್ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಟ್ಟ ಗುಳಿಗೆಯನ್ನು ನಾನೇ ತಂದುಕೊಟ್ಟೆ. ಐದನೆಯ ರಾತ್ರಿ ತಂದೆಯವರು ಬಚ್ಚಲ ಹೊಸ್ತಿಲಿಗೆ ಎಡವಿ ಬಿದ್ದರು, ಹುಬ್ಬಿಗೆ ಮೂರು ಹೊಲಿಗೆ ಬಿದ್ದವು. ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವವರು ಮಾತ್ರ ಒಮ್ಮೆಲೇ ನಿಲ್ಲಿಸದೆ, ವೈದ್ಯರ ಮಾತಿನಂತೆ ಹಂತ ಹಂತವಾಗಿ ಇಳಿಸಬೇಕು. ನಿದ್ದೆಗೆಂದು ಕುಡಿಯುವ ಸಾರಾಯಿ ಬೇಗ ಮಲಗಿಸಿದರೂ ನಡುರಾತ್ರಿ ಎಬ್ಬಿಸುತ್ತದೆ.

ಇನ್ನು ಹಗಲು. ಬಿಸಿಲೇರುವ ಮುನ್ನ ಅರ್ಧ ಗಂಟೆ ಬೆಳಕಿನಲ್ಲಿ ನಡೆಯಲಿ. ಮಧ್ಯಾಹ್ನದ ಜೊಂಪು ಮೂರು ಗಂಟೆಯ ಒಳಗೆ, ಅರ್ಧ ಗಂಟೆ ಮೀರದಿರಲಿ. ಕರೆಂಟು ಬಂದಾಗ ಗದ್ದೆಗೆ ನೀರು ಹಾಯಿಸಲು ನಡುರಾತ್ರಿ ಹೋಗುವ ಕೆಲಸವನ್ನು ಮನೆಯ ಕಿರಿಯರು ವಹಿಸಿಕೊಳ್ಳಲಿ. ವಾರದಲ್ಲಿ ಮೂರು ದಿನವಾದರೂ ಅದೇ ಕುರ್ಚಿಯಿಂದ ಎಂಟು ಹತ್ತು ಸಲ ಏಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಪಕ್ಕದಲ್ಲಿ ಆಸರೆ ಇಟ್ಟುಕೊಂಡು ಒಂಟಿ ಕಾಲಿನಲ್ಲಿ ನಿಲ್ಲುವುದು ಇವನ್ನು ಮಾಡಿಸಿ. ಎದೆನೋವು ಅಥವಾ ಏದುಸಿರು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಎಂಟು ವಾರಗಳ ಬಳಿಕ ಅದೇ ಕುರ್ಚಿ, ಅದೇ ಗೆರೆಯಲ್ಲಿ ಮತ್ತೆ ಅಳೆಯಿರಿ. ನಮ್ಮ ಕ್ಯಾಲೆಂಡರಿನಲ್ಲಿ 19 ಸೆಕೆಂಡು ಇದ್ದದ್ದು 14ಕ್ಕೆ ಇಳಿದಿತ್ತು, ನಾಲ್ಕು ಸಲ ಏಳುತ್ತಿದ್ದವರು ಎರಡು ಸಲ ಏಳುತ್ತಿದ್ದರು. ಆ ಹಾಳೆಯನ್ನೇ ಹರಿದು ವೈದ್ಯರ ಮೇಜಿನ ಮೇಲಿಟ್ಟೆವು.