ಬ್ರೇಕ್ ಬಿಡುವ ಗಳಿಗೆ: ಡೇಟಾ, ವಿಡಿಯೊ ಇಟ್ಟುಕೊಂಡು ನಾನು ರೇಸ್ ಕಲಿಸುವ ಬಗೆ

ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕ್ ಸುಮಾರು 3.7 ಕಿ.ಮೀ., 12 ತಿರುವು. ಅಲ್ಲಿ ಕಲಿಯಲು ಬರುವ ಹವ್ಯಾಸಿಗಳು ಸಾಮಾನ್ಯವಾಗಿ ಕೇಳುವುದು, ಬ್ರೇಕನ್ನು ಇನ್ನೆಷ್ಟು ತಡವಾಗಿ ಒತ್ತಬಹುದು ಎಂದು. ನಾನು ನೋಡುವುದು ಬ್ರೇಕ್ ಬಿಟ್ಟ ಜಾಗವನ್ನು. ಸಮಯ ಸೋರುವುದು ಹೆಚ್ಚಾಗಿ ಅಲ್ಲೇ.

ಕಾರಿನ ಜಾಗ, ವೇಗ ದಾಖಲಿಸುವ ಲಾಗರ್ 25 ಹರ್ಟ್ಸ್ (ಸೆಕೆಂಡಿಗೆ 25 ರೀಡಿಂಗ್) ಜಿಪಿಎಸ್‌ನದಾಗಿದ್ದರೆ ಒಳ್ಳೆಯದು. ಗಂಟೆಗೆ 180 ಕಿ.ಮೀ. ಎಂದರೆ ಸೆಕೆಂಡಿಗೆ 50 ಮೀಟರ್. 10 ಹರ್ಟ್ಸ್‌ನಲ್ಲಿ 5 ಮೀಟರಿಗೊಂದು ರೀಡಿಂಗ್, 25ರಲ್ಲಿ 2 ಮೀಟರಿಗೊಂದು. ಹಾಗಾಗಿ 10 ಹರ್ಟ್ಸ್ ಡೇಟಾ ಹಿಡಿದುಕೊಂಡು ಮೂರು ಮೀಟರ್ ವ್ಯತ್ಯಾಸಕ್ಕೆ ವಾದ ಮಾಡಬೇಡಿ. ಆಂಟೆನಾಗೆ ಆಕಾಶ ಕಾಣಬೇಕು; ಲೋಹದ ಅಡಿ ಇಟ್ಟರೆ ಕಾರು ಹುಲ್ಲಿನ ಮೇಲೆ ಓಡಿದಂತೆ ಗೆರೆ ಬರುತ್ತದೆ. ಟ್ರ್ಯಾಕ್‌ಗೆ ಇಳಿಯುವ ಐದು ನಿಮಿಷ ಮೊದಲೇ ಆನ್ ಮಾಡಿ, ಪಿಟ್‌ನಲ್ಲಿ ನಿಂತಲ್ಲೇ ಸಿಗ್ನಲ್ ಹಿಡಿಯಲು ಬಿಡಿ. ಬ್ರೇಕ್ ಪ್ರೆಶರ್ ಸೆನ್ಸರ್ ಇದ್ದರೆ ಚೆನ್ನ, ಇಲ್ಲದಿದ್ದರೆ ಉದ್ದದ ದಿಕ್ಕಿನ ಜಿ (ವೇಗ ಏರುವಾಗ, ಇಳಿಯುವಾಗ ಕಾರಿನ ಮೇಲೆ ಬೀಳುವ ಬಲ) ಸಾಕು.

ಕ್ಯಾಮೆರಾವನ್ನು ಚಾಲಕನನ್ನು ಕಾಯುವ ಪೈಪಿನ ಚೌಕಟ್ಟಾದ ರೋಲ್ ಕೇಜ್‌ನ ಅಡ್ಡ ಪೈಪಿಗೆ ಕ್ಲ್ಯಾಂಪ್ ಮಾಡಿ, ಜೊತೆಗೆ ಸೇಫ್ಟಿ ದಾರ ಕಟ್ಟಿ, ಸ್ಕ್ರುಟಿನಿಯವರಿಗೆ (ಕಾರಿನ ಸುರಕ್ಷತೆ ಪರೀಕ್ಷಿಸುವವರು) ಮೊದಲೇ ತೋರಿಸಿ. ಕೈ, ಸ್ಟೇರಿಂಗ್, ಮುಂದಿನ ಗಾಜು ಮೂರೂ ಒಂದೇ ಫ್ರೇಮಿನಲ್ಲಿರಲಿ. ಚಿತ್ರದ ಅಲುಗಾಟ ತೆಗೆಯುವ ಸ್ಟೆಬಿಲೈಸೇಶನ್ ಆಫ್ ಇರಲೇಬೇಕು, ಇಲ್ಲದಿದ್ದರೆ ಕಾರಿನ ಹಿಂಭಾಗ ಜಾರಿದ್ದನ್ನು ಅದು ಒರೆಸಿ ಹಾಕುತ್ತದೆ. ಎಕ್ಸ್‌ಪೋಶರನ್ನು ಹೊರಗಿನ ಬೆಳಕಿಗೆ ಲಾಕ್ ಮಾಡಿ. ಬಿಸಿಲಿಗೆ ಗಾಜು ಬೆಳ್ಳಗಾದರೆ ಬ್ರೇಕ್ ಬೋರ್ಡ್ (ತಿರುವು ಎಷ್ಟು ದೂರವಿದೆ ಎಂದು ತೋರಿಸುವ ಫಲಕ) ಕಾಣುವುದಿಲ್ಲ. ಸ್ಟೇರಿಂಗಿನ ನೆತ್ತಿಗೊಂದು ಹಳದಿ ಟೇಪ್ ಅಂಟಿಸಿದರೆ ಎಷ್ಟು ತಿರುಗಿಸಿದರು, ಎಷ್ಟು ಸಲ ಸರಿಪಡಿಸಿದರು ಎಂದು ಎಣಿಸಬಹುದು. ವಿಡಿಯೊವನ್ನು ಡೇಟಾಕ್ಕೆ ಹೊಂದಿಸಲು ಗೇರ್ ಏರಿಸಿದ ಕ್ಷಣ ಹಿಡಿಯಿರಿ: ಶಬ್ದದಲ್ಲಿ ಕೇಳುತ್ತದೆ, ಜಿ ಗೆರೆಯಲ್ಲಿ ಸಣ್ಣ ಕಚ್ಚಾಗಿ ಕಾಣುತ್ತದೆ.

ಸೆಷನ್ ಮುಗಿದ ಮೇಲೆ ಚಾಲಕನ ಅತಿವೇಗದ ಲ್ಯಾಪನ್ನು ಅವನದೇ ಇನ್ನೊಂದು ಒಳ್ಳೆಯ ಲ್ಯಾಪಿನ ಮೇಲೆ ಹಾಕುತ್ತೇನೆ. ಬೇರೆ ಕಾರಿನ ಹಿಂದೆ ಗಾಳಿ ಮರೆಯಲ್ಲಿ ಬಂದ ಲ್ಯಾಪ್ ಬೇಡ, ಅದರ ಟಾಪ್ ಸ್ಪೀಡ್ ಸುಳ್ಳು ಹೇಳುತ್ತದೆ. ಒಂದು ಲ್ಯಾಪ್ ಇನ್ನೊಂದಕ್ಕಿಂತ ಎಷ್ಟು ಹಿಂದೆ ಬಿದ್ದಿದೆ ಎಂದು ತೋರಿಸುವ ಟೈಮ್ ಡೆಲ್ಟಾ ಗೆರೆಯಲ್ಲಿ ಎತ್ತರಕ್ಕಿಂತ ಇಳಿಜಾರನ್ನು ನೋಡಿ. ಗೆರೆ ಏರತೊಡಗಿದ ಜಾಗವೇ ತಪ್ಪು ಶುರುವಾದ ಜಾಗ. ನೇರ ದಾರಿಯುದ್ದಕ್ಕೂ ಏರುತ್ತಿದ್ದರೆ ಕಾರಣ ಹಿಂದಿನ ತಿರುವಿನ ಕೊನೆಯಲ್ಲಿರುತ್ತದೆ.

ಆಮೇಲೆ ಸ್ಪೀಡ್ ಗೆರೆ. ಆಕ್ಸಿಲರೇಟರ್ ಬಿಟ್ಟು ಬ್ರೇಕ್ ಒತ್ತುವ ನಡುವೆ ಗೆರೆ ಸೋಮಾರಿಯಾಗಿ ಬಾಗಿದ್ದರೆ ಕಾರು ಸುಮ್ಮನೆ ಉರುಳುತ್ತಿದೆ. 140 ಕಿ.ಮೀ. ವೇಗದಲ್ಲಿ 0.4 ಸೆಕೆಂಡ್ ಹಾಗೆ ಉರುಳಿದರೆ ಸುಮಾರು 15 ಮೀಟರ್ ಹೋಯಿತು. ಹವ್ಯಾಸಿಯ ಬ್ರೇಕ್ ಗೆರೆ ಬಹುಪಾಲು ಗುಡ್ಡದಂತಿರುತ್ತದೆ: ಮೆಲ್ಲಗೆ ಒತ್ತಿ, ಹೆದರಿ ಕೊನೆಗೆ ಜೋರಾಗಿ ಒತ್ತಿ, ಫಕ್ಕನೆ ಬಿಡುವುದು. ಬಿಟ್ಟೊಡನೆ ಮುಂದಿನ ಟೈರಿನ ಮೇಲಿನ ಭಾರ ಹಿಂದಕ್ಕೆ ಸರಿದು ಮೂತಿ ತಿರುಗುವುದಿಲ್ಲ. ಉದ್ದ, ಅಡ್ಡ ಎರಡೂ ದಿಕ್ಕಿನ ಜಿ ಸೇರಿಸಿದ ಗೆರೆ ಕುಸಿದು ನಡುವೆ ಹೊಂಡ ಬೀಳುತ್ತದೆ. ಬೇಕಾದದ್ದು ಇದರ ತಿರುಗುಮುರುಗು: ಮೊದಲೇ ಗಟ್ಟಿ ಒತ್ತು, ಸ್ಟೇರಿಂಗ್ ತಿರುಗಿದಷ್ಟೂ ನಿಧಾನಕ್ಕೆ ಸಡಿಲ.

ಯಾಕೆ ಹೀಗಾಯಿತೆಂದು ಡೇಟಾ ಹೇಳದು. ಆಗ ವಿಡಿಯೊ. ಎಷ್ಟೋ ಸಲ ಹೆಲ್ಮೆಟ್ ಏಪೆಕ್ಸ್ (ಕಾರು ತಿರುವಿನ ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗ) ಕಡೆ ತಿರುಗಿರುವುದೇ ಇಲ್ಲ, ಬ್ರೇಕ್ ಬೋರ್ಡಿಗೇ ಅಂಟಿಕೊಂಡಿರುತ್ತದೆ. ಅಂಥವರಿಗೆ ಪಾದದ ಪಾಠ ಹೇಳಿ ಫಲವಿಲ್ಲ, ನೋಟ ತಿದ್ದಬೇಕು.

ಮುಂದಿನ ಸೆಷನ್ನಿಗೆ ಒಂದೇ ತಿರುವು, ಒಂದೇ ಕೆಲಸ ಕೊಡುತ್ತೇನೆ, ಬ್ರೇಕ್ ಒತ್ತುವ ಜಾಗ ಬದಲಿಸದೆ. ಮೂರು ಸೂಚನೆ ಕೊಟ್ಟರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ವಾಪಸು ಬಂದ ಮೇಲೆ ಲ್ಯಾಪ್ ಟೈಮ್ ಕೇಳುವ ಮೊದಲು ಆ ಒಂದು ತಿರುವಿನ ಐದು ಲ್ಯಾಪ್‌ಗಳನ್ನು ಒಟ್ಟಿಗೆ ಹಾಕಿ ನೋಡುತ್ತೇವೆ. ಗೆರೆಗಳು ಒಂದರ ಮೇಲೊಂದು ಕೂತರೆ ಮಾತ್ರ ಬ್ರೇಕ್ ಒತ್ತುವ ಜಾಗವನ್ನು ಐದು ಮೀಟರ್ ತಿರುವಿನ ಹತ್ತಿರಕ್ಕೆ ಸರಿಸುವ ಮಾತು.