ಟೈಮಿಂಗ್ ಬೆಲ್ಟ್ ತುಂಡಾಗುವ ಮುನ್ನ ಮತ್ತು ತುಂಡಾದ ಮೇಲೆ

ಇಂಟರ್‌ಫಿಯರೆನ್ಸ್ ಎಂಜಿನ್‌ನಲ್ಲಿ ಪೂರ್ತಿ ತೆರೆದ ವಾಲ್ವ್ ಇಳಿಯುವ ಜಾಗಕ್ಕೇ ಪಿಸ್ಟನ್ ಕೂಡ ಮೇಲೇರುತ್ತದೆ. ಇವೆರಡೂ ಬೇರೆ ಬೇರೆ ಕ್ಷಣಗಳಲ್ಲಿ ಅಲ್ಲಿಗೆ ಬಂದು ಹೋಗುವಂತೆ ನೋಡಿಕೊಳ್ಳುವುದು ಟೈಮಿಂಗ್ ಬೆಲ್ಟ್, ಅಂದರೆ ಕ್ರ್ಯಾಂಕ್‌ಶಾಫ್ಟನ್ನೂ ಕ್ಯಾಮ್‌ಶಾಫ್ಟನ್ನೂ ಜೋಡಿಸುವ ಹಲ್ಲಿನ ರಬ್ಬರ್ ಪಟ್ಟಿ. ಪಿಸ್ಟನ್‌ಗಳಿಗೆ ಜೋಡಿಸಿದ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗಬೇಕು. ಅಂದರೆ ನಿಮಿಷಕ್ಕೆ 3,000 ಸುತ್ತಿನ ವೇಗದಲ್ಲಿ ಪ್ರತಿಯೊಂದು ವಾಲ್ವ್ ಸೆಕೆಂಡಿಗೆ 25 ಬಾರಿ ತೆರೆದು ಮುಚ್ಚುತ್ತದೆ. ಬೆಲ್ಟ್ ತುಂಡಾದ ಕೂಡಲೇ ಕ್ಯಾಮ್‌ಶಾಫ್ಟ್ ನಿಲ್ಲುತ್ತದೆ, ಕೆಲವು ವಾಲ್ವ್‌ಗಳು ತೆರೆದಂತೆಯೇ ಉಳಿಯುತ್ತವೆ. ಆದರೆ ಗಾಡಿಯ ಓಟದ ಬಲದಿಂದ ಕ್ರ್ಯಾಂಕ್‌ಶಾಫ್ಟ್ ಇನ್ನೂ ತಿರುಗುತ್ತಿರುವುದರಿಂದ ಪಿಸ್ಟನ್ ಬಂದು ಅವುಗಳಿಗೆ ಬಡಿಯುತ್ತದೆ. ಆಗ ವಾಲ್ವ್‌ಗಳು ಬಾಗುವುದು ಸಾಮಾನ್ಯ. ವಾಲ್ವ್‌ನ ತಲೆಯೇ ಮುರಿದು ಸಿಲಿಂಡರಿನೊಳಗೆ ಬಿದ್ದರೆ ಪಿಸ್ಟನ್ನೂ ಸಿಲಿಂಡರಿನ ಮೇಲ್ಮುಚ್ಚಳವಾದ ಹೆಡ್ಡೂ ಹಾಳಾಗುತ್ತವೆ. ಇಂಟರ್‌ಫಿಯರೆನ್ಸ್ ಅಲ್ಲದ ಎಂಜಿನ್ನಾದರೆ ಸುಮ್ಮನೆ ನಿಲ್ಲುತ್ತದೆ, ಹೊಸ ಬೆಲ್ಟ್ ಹಾಕಿದರೆ ಮತ್ತೆ ಓಡುತ್ತದೆ.

ಆದ್ದರಿಂದ ನಿಮ್ಮದು ಯಾವ ಬಗೆಯ ಎಂಜಿನ್ ಎಂಬುದನ್ನು ವರ್ಕ್‌ಶಾಪ್ ಕೈಪಿಡಿಯಲ್ಲೋ ಬೆಲ್ಟ್ ತಯಾರಕರ ಕ್ಯಾಟಲಾಗ್‌ನಲ್ಲೋ ಮೊದಲು ನೋಡಿಕೊಳ್ಳಿ. ಡೀಸೆಲ್ ಎಂಜಿನ್ನಾದರೆ ಇಂಟರ್‌ಫಿಯರೆನ್ಸ್ ಎಂದೇ ಭಾವಿಸಿ ನಡೆದುಕೊಳ್ಳುವುದು ಕ್ಷೇಮ.

ಬೆಲ್ಟಿಗೆ ಕಿಲೋಮೀಟರ್ ಮತ್ತು ವರ್ಷ ಎಂಬ ಎರಡು ಗಡುವುಗಳಿರುತ್ತವೆ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಅನೇಕ ಎಂಜಿನ್‌ಗಳಲ್ಲಿ ಇದು 1,00,000ದಿಂದ 1,60,000 ಕಿಲೋಮೀಟರ್‌ಗಳ ನಡುವೆ ಇರುತ್ತದೆ. ನಿಮ್ಮ ಎಂಜಿನ್‌ನ ಅಂಕಿಯನ್ನು ಕೈಪಿಡಿಯಿಂದಲೇ ತೆಗೆದುಕೊಳ್ಳಬೇಕು. ನಿಂತ ಗಾಡಿಯಲ್ಲೂ ರಬ್ಬರ್‌ಗೆ ವಯಸ್ಸಾಗುತ್ತದೆ. ಹಳೆಯ ಗಾಡಿ ಕೊಂಡಾಗ ಬೆಲ್ಟ್ ಬದಲಿಸಿದ ಬಿಲ್ ಸಿಗದಿದ್ದರೆ, ಮಾರಿದವರು ಏನೇ ಹೇಳಲಿ, ಬದಲಿಸಿಲ್ಲ ಎಂದೇ ನಾನು ಎಣಿಸುತ್ತೇನೆ. ಮೇಲಿನ ಕವರ್ ತೆಗೆದು ನೋಡಿದಾಗ ಹಲ್ಲಿನ ಬುಡದಲ್ಲಿ ಬಿರುಕು, ಅಂಚಿನಲ್ಲಿ ಎದ್ದ ನೂಲು ಅಥವಾ ಆಯಿಲ್ ಪಸೆ ಕಂಡರೆ ತಡಮಾಡಬೇಡಿ. ಆದರೆ ಏನೂ ಕಾಣಲಿಲ್ಲ ಎಂದು ಗಡುವನ್ನು ಮುಂದೂಡಬೇಡಿ, ಏಕೆಂದರೆ ಒಳಗಿನ ನೂಲು ಸವೆದದ್ದು ಹೊರಗೆ ತಿಳಿಯುವುದಿಲ್ಲ. ಆಯಿಲ್ ತಾಗಿದ್ದರೆ ಒರೆಸಿ ಬಿಡುವಂತಿಲ್ಲ. ಸೋರುವ ಸೀಲ್ ಬದಲಿಸಿ, ಹೊಸ ಬೆಲ್ಟನ್ನೇ ಹಾಕಬೇಕು.

ಬೆಲ್ಟ್ ಒಂದನ್ನೇ ಬದಲಿಸುವುದು ಅರ್ಧ ಕೆಲಸ. ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್, ಅದರ ದಾರಿ ಕಾಯುವ ಐಡ್ಲರ್ ಪುಲ್ಲಿ, ಮತ್ತು ಈ ಬೆಲ್ಟಿನಿಂದಲೇ ತಿರುಗುವುದಾದರೆ ವಾಟರ್ ಪಂಪ್ ಕೂಡ ಜೊತೆಗೇ ಬದಲಾಗಲಿ. ಬಿಚ್ಚಿದ ಹಳೆಯ ಪುಲ್ಲಿಯನ್ನು ಬೆರಳಿನಿಂದ ತಿರುಗಿಸಿ ನೋಡಿ: ಒಳಗೆ ಮರಳು ಸೇರಿದಂತೆ ಕರಕರ ಎನ್ನಿಸಿದರೆ ಅದರ ಬೇರಿಂಗ್ ಮುಗಿದಿದೆ, ಅದು ಸಿಕ್ಕಿಕೊಂಡ ದಿನ ಹೊಸ ಬೆಲ್ಟೂ ಉಳಿಯುತ್ತಿರಲಿಲ್ಲ. ಹೊಸ ಬೆಲ್ಟನ್ನು ಮಡಚಬಾರದು, ತಿರುಚಬಾರದು. ಕ್ರ್ಯಾಂಕ್ ಮತ್ತು ಕ್ಯಾಮ್ ಪುಲ್ಲಿಗಳ ಟೈಮಿಂಗ್ ಗುರುತುಗಳನ್ನು ಕೂಡಿಸಿ, ಟೆನ್ಷನ್ ಕೊಟ್ಟ ಮೇಲೆ, ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ನಿಧಾನವಾಗಿ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ನಡುವೆ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಅಲ್ಲಿಗೇ ನಿಲ್ಲಿಸಿ. ಆ ತಡೆ ವಾಲ್ವ್‌ಗೆ ತಾಗಿದ ಪಿಸ್ಟನ್ನೇ ಇರಬಹುದು. ಗುರುತುಗಳು ಮತ್ತೆ ಕೂಡಿದ ಮೇಲಷ್ಟೇ ಸ್ಟಾರ್ಟ್ ಮಾಡುವ ಮಾತು.

ಓಡುವಾಗಲೇ ಬೆಲ್ಟ್ ಹೋದರೆ ಎಂಜಿನ್ ದಿಢೀರನೆ ಸತ್ತಂತಾಗುತ್ತದೆ. ಬ್ರೇಕ್ ಬೂಸ್ಟರ್‌ನ ನೆರವು ಕೆಲವೇ ಒತ್ತುಗಳಿಗೆ ಉಳಿದಿರುವುದರಿಂದ ಪೆಡಲನ್ನು ಪದೇ ಪದೇ ಬಿಟ್ಟು ಒತ್ತದೆ ಪಕ್ಕಕ್ಕೆ ನಿಲ್ಲಿಸಿ. ಕೀ ತಿರುಗಿಸಿದಾಗ ಎಂದಿನ ತಡೆ ತಡೆದು ಬರುವ ಸದ್ದಿನ ಬದಲು ಸ್ಟಾರ್ಟರ್ ಹಗುರವಾಗಿ, ವೇಗವಾಗಿ ಸುತ್ತಿದರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುವುದು, ಇಲ್ಲವೆಂದರ್ಥ. ಮತ್ತೊಮ್ಮೆ ಪ್ರಯತ್ನಿಸಬೇಡಿ, ಗೇರಿನಲ್ಲಿಟ್ಟು ತಳ್ಳಿಸಲೂ ಬೇಡಿ, ಉಳಿದಿರಬಹುದಾದ ವಾಲ್ವ್‌ಗಳೂ ಬಾಗಿಯಾವು. ಟೋ ಮಾಡಿಸುವುದೊಂದೇ ದಾರಿ.

ಗ್ಯಾರೇಜಿನಲ್ಲಿ ಹೆಡ್ ಬಿಚ್ಚುವ ಮೊದಲು ಲೀಕ್‌ಡೌನ್ ಪರೀಕ್ಷೆ ಮಾಡಲು ಹೇಳಿ. ವಾಲ್ವ್‌ಗಳೆಲ್ಲ ಮುಚ್ಚಿರಬೇಕಾದ ಸ್ಥಿತಿಯಲ್ಲಿ ಸಿಲಿಂಡರಿಗೆ ಗಾಳಿ ತುಂಬಿದಾಗ ಇನ್‌ಟೇಕ್ ಕಡೆಯಿಂದ ಬುಸ್ಸೆಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ಕಡೆಯಿಂದ ಬಂದರೆ ಎಕ್ಸಾಸ್ಟ್ ವಾಲ್ವ್ ಬಾಗಿರಬಹುದು. ಹಳೆಯ ಬೆಲ್ಟನ್ನು ಎಸೆಯಲು ಬಿಡದೆ ಕೇಳಿ ಪಡೆಯಿರಿ: ಒಂದೇ ಕಡೆ ಸಾಲಾಗಿ ಹಲ್ಲು ಕಿತ್ತಿದ್ದರೆ ಪಂಪೋ ಪುಲ್ಲಿಯೋ ಕ್ಯಾಮೋ ಸಿಕ್ಕಿಕೊಂಡಿರಬೇಕು, ಅಂಚು ಮಾತ್ರ ಸವೆದಿದ್ದರೆ ಯಾವುದೋ ಪುಲ್ಲಿ ಓರೆಯಾಗಿದೆ, ಆ ಭಾಗ ಸಿಗುವ ತನಕ ಹೊಸ ಬೆಲ್ಟ್ ಹಾಕಿಸಬೇಡಿ.